ಹಿತ್ತಾಳೆ ಉಂಗುರದ ಋಣ

ಬೆಂಗಳೂರಿನಲ್ಲಿ ಕಾರು ಓಡಿಸುವವನಿಗೆ ಕ್ಲಚ್ಚಿನ ವಿಷಯದಲ್ಲಿ ಪಾಠ ಹೇಳುವ ಯೋಗ್ಯತೆ ಭೂಮಿಯ ಮೇಲೆ ಯಾರಿಗೂ ಇಲ್ಲ ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಸಂಜೆ ಆರೂವರೆಯ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ಕಾರನ್ನು ಅಂಗುಲ ಅಂಗುಲವಾಗಿ ತೆವಳಿಸಿದವನು ನಾನು. ಫ್ಲೈಓವರಿನ ಏರಿನಲ್ಲಿ ಮುಂದೆ ನೀರಿನ ಟ್ಯಾಂಕರು, ಹಿಂದೆ ಬಂಪರಿಗೆ ಮೂಗು ತಾಗಿಸಿ ನಿಂತ ಆಟೋ, ನಡುವೆ ಹ್ಯಾಂಡ್‌ಬ್ರೇಕ್ ಮುಟ್ಟದೆ ಬರೀ ಎಡಗಾಲಿನ ಬಲದಿಂದ ಗಾಡಿ ಹಿಡಿದು ನಿಲ್ಲಿಸಿದವನು. ವರ್ಷಾನುಗಟ್ಟಲೆ ಈ ತಪಸ್ಸು ಮಾಡಿ ನನ್ನ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಾಗಿದೆ ಎಂಬುದು ನನ್ನ ಅಂದಾಜು. ಹೆಂಡತಿ ಎರಡನ್ನೂ ನೋಡಿ, ಎರಡೂ ಸಣ್ಣವೇ ಎಂದಳು.

ಇಷ್ಟು ಅಹಂಕಾರ ಹೊತ್ತು ತಿರುಗುವವನಿಗೆ ದೇವರು ಶಿಕ್ಷೆ ಕಳಿಸದೆ ಬಿಡುವುದಿಲ್ಲ. ನನಗೆ ಸೆಕೆಂಡ್‌ಹ್ಯಾಂಡಿನಲ್ಲಿ ಕಳಿಸಿದ.

ಆ ಶಿಕ್ಷೆಯ ಹೆಸರು ಸಿಮ್ ರೇಸಿಂಗ್. ಅಂದರೆ ಕಂಪ್ಯೂಟರಿಗೆ ಸ್ಟೀರಿಂಗು, ಪೆಡಲ್ಲು ಜೋಡಿಸಿಕೊಂಡು ಪರದೆಯ ಮೇಲೆ ರೇಸ್ ಕಾರು ಓಡಿಸುವುದು. ಇದನ್ನು ‘ವಿಡಿಯೊ ಗೇಮು’ ಅಂದರೆ ಆಡುವವರು ಮಾತು ಬಿಡುತ್ತಾರೆ. ಟೈರಿನ ಬಿಸಿ, ಸಸ್ಪೆನ್ಷನ್ನಿನ ಕುಲುಕು, ಪೆಟ್ರೋಲು ಖರ್ಚಾದಂತೆ ಇಳಿಯುವ ತೂಕ, ಎಲ್ಲವನ್ನೂ ಅದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿರುತ್ತದೆ. ಈ ಜನರಲ್ಲಿ ಎರಡು ಪಂಗಡ. ಹೊಸ ಕಾರಿನವರು ಸ್ಟೀರಿಂಗಿನ ಹಿಂದಿರುವ ಪ್ಯಾಡಲ್ಲನ್ನು ಬೆರಳಲ್ಲಿ ಮೀಟಿ ಗೇರು ಬದಲಿಸುತ್ತಾರೆ. ಫಾರ್ಮುಲಾ ಒನ್ನಿನಲ್ಲಿ ಆ ಸುಖಕ್ಕೆ ದಾರಿ ಮಾಡಿದವನು ಜಾನ್ ಬರ್ನಾರ್ಡ್. 1989ರಲ್ಲಿ ಅವನು ಫೆರಾರಿಗೆ ಮಾಡಿಕೊಟ್ಟ 640 ಕಾರಿನಲ್ಲಿ ಗೇರ್ ಲಿವರ್ರೇ ಇರಲಿಲ್ಲ. ನೈಜೆಲ್ ಮ್ಯಾನ್ಸೆಲ್ ಅದನ್ನು ಬ್ರೆಜಿಲಿನ ಮೊದಲ ರೇಸಿನಲ್ಲೇ ಗೆಲ್ಲಿಸಿದ. ಕೆಲವೇ ವರ್ಷಗಳಲ್ಲಿ ಉಳಿದವರೂ ಲಿವರ್ ಕಿತ್ತು ಹಾಕಿದರು.

ಎರಡನೆಯದು ಹಳೇ ಕಾರಿನವರ ಪಂಗಡ. ಕಾಲಡಿ ಕ್ಲಚ್ಚು, ಪಕ್ಕದಲ್ಲಿ ಎಚ್ ಆಕಾರದ ಗೇರು ಇಲ್ಲದಿದ್ದರೆ ಇವರಿಗೆ ಅನ್ನ ಸೇರದು. ಇವರ ಕುಲದೇವತೆ 1998ರಲ್ಲಿ ಪ್ಯಾಪಿರಸ್ ಎಂಬ ಅಮೆರಿಕದ ಕಂಪನಿ ಹೊರತಂದ ‘ಗ್ರಾಂಪ್ರೀ ಲೆಜೆಂಡ್ಸ್’. 1967ರ ಫಾರ್ಮುಲಾ ಒನ್ನನ್ನು ಕಾರು, ಟ್ರ್ಯಾಕು ಸಮೇತ ಎಬ್ಬಿಸಿ ನಿಲ್ಲಿಸಿದ ಆಟ ಅದು. ಅದರ ಕಷ್ಟ ಎಂಥದ್ದೆಂದರೆ ಕೊಂಡವರಲ್ಲಿ ಅನೇಕರು ಮೊದಲ ತಿರುವಿನಲ್ಲೇ ಹುಲ್ಲು ಮೇದು, ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು. ತಿರುವು ದಾಟಿದವರು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

1967ಕ್ಕೇ ಯಾಕೆ ಜೋತು ಬೀಳಬೇಕು? ಅದಕ್ಕೆ ಹಿಂದಿನ ವರ್ಷ ಎಂಜಿನ್ನಿನ ಮಿತಿಯನ್ನು ಒಂದೂವರೆ ಲೀಟರಿನಿಂದ ಮೂರು ಲೀಟರಿಗೆ ಏರಿಸಿದ್ದರು. ಶಕ್ತಿ ಬಂದಿತ್ತು, ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆ ಇನ್ನೂ ಬಂದಿರಲಿಲ್ಲ. ಲೋಟಸ್ 49 ಎಂಬ ಕಾರಿನ ತೂಕ ಸುಮಾರು 500 ಕೆಜಿ. ಅದರ ಬೆನ್ನಿಗೆ ಸುಮಾರು 400 ಅಶ್ವಶಕ್ತಿಯ ಕಾಸ್ವರ್ತ್ ಡಿಎಫ್‌ವಿ ಎಂಜಿನ್. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಮೊದಲ ಸಲ ರೇಸಿಗಿಳಿದ ದಿನವೇ ಜಿಮ್ ಕ್ಲಾರ್ಕ್ ಅದನ್ನು ಗೆಲ್ಲಿಸಿದ. ಆ ಎಂಜಿನ್ 1983ರ ತನಕ ಒಟ್ಟು 155 ಗ್ರಾಂಪ್ರೀ ಗೆದ್ದಿತು. ಇಷ್ಟನ್ನೂ ಓದಿಕೊಂಡ ನಾನು ತೀರ್ಮಾನಿಸಿದ್ದು ಇಷ್ಟೇ: ಕ್ಲಾರ್ಕ್ ಸ್ಕಾಟ್ಲೆಂಡಿನಲ್ಲಿ ಕುರಿ ಸಾಕುತ್ತಿದ್ದ ರೈತ, ಅವನಿಂದ ಆಗುವುದಾದರೆ ಸಿಲ್ಕ್ ಬೋರ್ಡ್ ದಾಟಿ ಬಂದವನಿಂದ ಯಾಕಾಗದು?

ಸ್ಟೀರಿಂಗು, ಮೂರು ಪೆಡಲ್ಲು, ಗೇರ್ ಲಿವರ್ರು ಇರುವ ಇಡೀ ಸೆಟ್ಟು ಜಯನಗರದ ಹುಡುಗನೊಬ್ಬನ ಹತ್ತಿರ ಸಿಕ್ಕಿತು. ‘ಮದುವೆ ಫಿಕ್ಸ್ ಆಗಿದೆ ಸರ್, ಅದಕ್ಕೇ ಕೊಡ್ತಿದೀನಿ’ ಎಂದ. ಮದುವೆಯಾಗಿ ಇಷ್ಟು ವರ್ಷ ಕಳೆದವನು ಕೊಳ್ಳಲು ಬಂದಿದ್ದಾನಲ್ಲ ಎಂದು ಅವನ ಮುಖದಲ್ಲಿ ಸ್ವಲ್ಪ ಧೈರ್ಯ ಮೂಡಿದ್ದನ್ನು ನಾನು ಗಮನಿಸಿದೆ.

ಮನೆಗೆ ತಂದ ಮೇಲೆ ಮೊದಲ ತೊಡಕು ಭೌತಶಾಸ್ತ್ರದ್ದು. ರೇಸ್ ಕಾರಿನ ಬ್ರೇಕನ್ನು ಒದೆಯಬೇಕು. ನಾನು ಕೂತದ್ದು ಗಾಲಿಗಳ ಆಫೀಸು ಕುರ್ಚಿ, ಕೆಳಗಿದ್ದದ್ದು ನುಣುಪು ಟೈಲ್ಸು. ಒದ್ದ ಕೂಡಲೇ ಪೆಡಲ್ಲು ಮುಂದಕ್ಕೂ ನಾನು ಹಿಂದಕ್ಕೂ ಹೊರಟೆವು. ಪರದೆಯ ಮೇಲೆ ಕಾರು ಮಾತ್ರ ಬ್ರೇಕ್ ಹಿಡಿಯದೆ ಮರಳಿಗೆ ನುಗ್ಗಿತು. ಕುರ್ಚಿಯ ಗಾಲಿಗಳನ್ನು ಮಗನ ಹಳೇ ಸ್ಕೂಲ್ ಶೂಗಳೊಳಗೆ ಇಳಿಸಿ ನನ್ನನ್ನು ನಾನು ನಿಲ್ಲಿಸಿಕೊಂಡೆ. ಪೆಡಲ್ಲಿಗೆ ಅಡ್ಡವಾಗಿ, ಗೋಡೆಗೆ ಒತ್ತಿ, ಇಪ್ಪತ್ತೈದು ಕೆಜಿಯ ಸೋನಾ ಮಸೂರಿ ಮೂಟೆ ಇಟ್ಟೆ. ಇದರಲ್ಲೊಂದು ತಾಂತ್ರಿಕ ದೋಷವಿತ್ತು. ಮೂಟೆಯಿಂದ ದಿನಾ ಅಕ್ಕಿ ಖರ್ಚಾಗುತ್ತಿತ್ತು. ತಿಂಗಳ ಮೊದಲ ವಾರ ಗಟ್ಟಿಯಾಗಿರುತ್ತಿದ್ದ ಬ್ರೇಕು ಕೊನೆಯ ವಾರಕ್ಕೆ ಮೆತ್ತಗಾಗುತ್ತಿತ್ತು. ನೆಂಟರು ಬಂದು ನಾಲ್ಕು ದಿನ ಉಳಿದರೆ ನಾನು ಬ್ರೇಕ್ ಹಾಕುವ ಜಾಗವನ್ನೇ ಹತ್ತು ಮೀಟರು ಹಿಂದಕ್ಕೆ ತರಬೇಕಾಗುತ್ತಿತ್ತು.

ಎರಡನೇ ತೊಡಕು ಧಾರ್ಮಿಕವಾದದ್ದು. ಗೇರು ಇಳಿಸುವಾಗ ಬಲಪಾದದ ಮುಂಭಾಗ ಬ್ರೇಕಿನ ಮೇಲಿರಬೇಕು, ಅದೇ ಪಾದದ ಅಂಚು ಆಕ್ಸಿಲರೇಟರನ್ನು ಒಮ್ಮೆ ಕುಟುಕಬೇಕು. ಇದಕ್ಕೆ ‘ಹೀಲ್ ಅಂಡ್ ಟೋ’ ಎನ್ನುತ್ತಾರೆ. ಬರಿಗಾಲಲ್ಲಿ ಮಾಡಿದರೆ ಪೆಡಲ್ಲಿನ ಲೋಹ ಪಾದ ಕೊರೆಯುತ್ತದೆ. ಕಾಲುಚೀಲ ಹಾಕಿದರೆ ಜಾರುತ್ತದೆ. ತೆಳು ಅಟ್ಟೆಯ ಬೂಟೇ ಆಗಬೇಕು. ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿ ಪಾದರಕ್ಷೆ ಬರುವುದಿಲ್ಲ; ಕಂಪ್ಯೂಟರಿರುವ ಕೋಣೆಯ ಆಚೆ ಗೋಡೆಗೇ ದೇವರ ಮನೆ. ಕೊನೆಗೆ ಹೊಸ ಬೂಟು ತಂದು, ಅದು ಬೀದಿಯನ್ನು ಎಂದೂ ತುಳಿಯುವುದಿಲ್ಲವೆಂದು ಪ್ರಮಾಣ ಮಾಡಿದ ಮೇಲೆ ಒಳಗೆ ಪ್ರವೇಶ ಸಿಕ್ಕಿತು. ಹೊರಗೆ ಹೋಗುವಾಗ ಬೂಟು ಬಿಚ್ಚಿಟ್ಟು, ಒಳಗೆ ಬಂದು ಹಾಕಿಕೊಳ್ಳುವ ಮನುಷ್ಯ ನಮ್ಮ ಬಡಾವಣೆಯಲ್ಲಿ ನಾನೊಬ್ಬನೇ ಇರಬೇಕು.

ಸಿಮ್ಯುಲೇಟರಿನಲ್ಲಿ ನನ್ನಂಥವರಿಗಾಗಿ ‘ಆಟೋ ಕ್ಲಚ್’, ‘ಆಟೋ ಬ್ಲಿಪ್’ ಎಂಬ ಊರುಗೋಲುಗಳಿರುತ್ತವೆ. ಎಲ್ಲವನ್ನೂ ಆಫ್ ಮಾಡಿದೆ. ಪಕ್ಕದಲ್ಲಿ ನಿಂತಿದ್ದ ಮಗನಿಗೆ, ‘ನೋಡ್ಕೋ, ಇದು ನಿಮ್ಮ ಕಾಲದ ಗುಂಡಿ ಒತ್ತೋ ಡ್ರೈವಿಂಗ್ ಅಲ್ಲ’ ಎಂದೆ. ಮೊದಲ ಗೇರಿಗೆ ಹಾಕಿ, ಫ್ಲೈಓವರಿನ ಅಭ್ಯಾಸದಂತೆ ಕ್ಲಚ್ಚನ್ನು ನವಿರಾಗಿ ಮೇಲೆತ್ತಿದೆ. ಲೋಟಸ್ ಒಂದು ಜರ್ಕ್ ಹೊಡೆದು ಆಫ್ ಆಯಿತು. ಮತ್ತೆ ಸ್ಟಾರ್ಟು, ಮತ್ತೆ ಆಫು. ಡಿಎಫ್‌ವಿ ಎಂಜಿನ್ನು 6,500 ಆರ್‌ಪಿಎಂ ಮುಟ್ಟುವವರೆಗೆ ಮೈಮುರಿಯುತ್ತಾ ಮಲಗಿರುತ್ತದೆ. ನಮ್ಮ ಮನೆ ಕಾರಿನ ಎಂಜಿನ್ನು ಬಾಯಿಬಾಯಿ ಬಡಿದುಕೊಳ್ಳುವ ಕಡೆ ಅದಿನ್ನೂ ಆಕಳಿಸುತ್ತಿರುತ್ತದೆ. ಸರಿ, ಚೆನ್ನಾಗಿ ರೇಸ್ ಕೊಟ್ಟು ಕ್ಲಚ್ ಬಿಟ್ಟೆ. ಈಗ ಅದಕ್ಕೆ ಎಚ್ಚರವಾಯಿತು. ಹಿಂದಿನ ಟೈರುಗಳು ಹೊಗೆ ಕಾರಿದವು, ಕಾರು ಇದ್ದಲ್ಲೇ ಬುಗುರಿಯಾಡಿ ನಾನು ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಮಗ, ‘ಅಪ್ಪ, ಹೋಂವರ್ಕ್ ಇದೆ’ ಎಂದು ಹೊರಟು ಹೋದ. ಅವನು ತಾನಾಗಿ ಹೋಂವರ್ಕ್ ನೆನಪಿಸಿಕೊಂಡದ್ದು ಅದೇ ಮೊದಲು.

ಹೊರಡುವುದನ್ನು ಹೇಗೋ ಕಲಿತೆ. ಗೇರು ಬದಲಿಸುವುದರಲ್ಲಿ ನನ್ನ ನಿಜವಾದ ಮರ್ಯಾದೆ ಹೋಯಿತು. ಮೇಜಿಗೆ ಕಚ್ಚಿಸಿದ ಲಿವರ್ ಹಿಡಿದು, ಕ್ಲಚ್ ತುಳಿದು, ನಾಲ್ಕರಿಂದ ಮೂರಕ್ಕೆ ಎಳೆದೆ. ಲಿವರ್ ಮೂರರ ಜಾಗದಲ್ಲಿ ಠಕ್ಕನೆ ಕೂತಿತು. ಸ್ಪೀಕರಿನಿಂದ ‘ಗರ್‌ರ್’ ಎಂದು ಕಬ್ಬಿಣ ಕಬ್ಬಿಣವನ್ನು ಕಡಿಯುವ ಸದ್ದು. ಪರದೆಯ ಮೂಲೆಯಲ್ಲಿ ನ್ಯೂಟ್ರಲ್. ನನ್ನ ಕೈ ಮೂರನೇ ಗೇರಿನಲ್ಲಿದೆ, ಕಾರು ಯಾವ ಗೇರಿನಲ್ಲೂ ಇಲ್ಲ. ಎದುರಿಗೆ ತಿರುವು ಬರುತ್ತಿದೆ. ನಾನು ಲಿವರನ್ನು ಇನ್ನಷ್ಟು ಒತ್ತಿದೆ, ಇನ್ನೆಲ್ಲಿಗೆ ಒತ್ತುವುದು? ಅದು ಆಗಲೇ ಕೊನೆ ಮುಟ್ಟಿದೆ. ತಿರುವು ಬಂದಿತು, ಹೋಯಿತು, ಬೇಲಿ ಬಂದಿತು.

ಇಲ್ಲೇ ಇರುವುದು ಸಿಮ್ಮಿನ ಗುಟ್ಟು. ನಿಜವಾದ ಗಾಡಿಯಲ್ಲಿ ಹಲ್ಲು ಕೂಡದಿದ್ದರೆ ಲಿವರ್ರೇ ಒಳಗೆ ಬೀಳುವುದಿಲ್ಲ. ಅಂಗೈಗೆ ಗುದ್ದಿ, ‘ತಡಿ ಮಾರಾಯ’ ಎಂದು ಹೇಳುತ್ತದೆ. ಮೇಜಿನ ಮೇಲಿನ ಲಿವರಿನ ಹೊಟ್ಟೆಯಲ್ಲಿರುವುದು ಸ್ಪ್ರಿಂಗು, ಸ್ವಿಚ್ಚು, ಅಷ್ಟೇ. ಅದು ಯಾವಾಗ ತಳ್ಳಿದರೂ ಒಳಗೆ ಹೋಗುತ್ತದೆ. ಕಂಪ್ಯೂಟರಿನೊಳಗಿನ ಗೇರ್‌ಬಾಕ್ಸ್ ಮಾತ್ರ ತಪ್ಪು ಲೆಕ್ಕವನ್ನು ಒಪ್ಪುವುದಿಲ್ಲ. ಹಾಗಾಗಿ ಕೈಯನ್ನು ನಂಬುವಂತಿಲ್ಲ. ಮತ್ತೆ ನ್ಯೂಟ್ರಲ್ಲಿಗೆ ತಂದು ಮತ್ತೆ ಹಾಕಬೇಕು. ಅಷ್ಟರಲ್ಲಿ ಲೋಟಸ್ ನೂರು ಮೀಟರು ದಾಟಿರುತ್ತದೆ. ಆ ನೂರು ಮೀಟರಿನಲ್ಲಿ ಗೇರಿಲ್ಲದ ಕಾರು, ದೇವರ ಮೇಲೆ ಭಾರ.

ಹಳೆಯ ಕಾರುಗಳ ಚೇಷ್ಟೆ ಅಷ್ಟಕ್ಕೇ ಮುಗಿಯುವುದಿಲ್ಲ. ಲೋಟಸ್ ಕಷ್ಟವೆಂದು ಎಂಬತ್ತರ ದಶಕದ ಬಿಎಂಡಬ್ಲ್ಯು ಎಂ3 ಹತ್ತಿದೆ. ಯುರೋಪಿನ ಆ ಕಾರಿನಲ್ಲಿ ಮೊದಲ ಗೇರು ಎಡಕ್ಕೆ, ಕೆಳಗೆ. ಎರಡು-ಮೂರು ರೇಸಿನಲ್ಲಿ ಹೆಚ್ಚು ಬಳಕೆಯಾಗುವುದರಿಂದ ಅವನ್ನು ಒಂದೇ ಗೆರೆಯಲ್ಲಿ ಇಟ್ಟಿದ್ದಾರೆ. ನನ್ನ ಲಿವರಿನಲ್ಲಿ ಮೊದಲನೆಯದು ಎಡಕ್ಕೆ, ಮೇಲೆ. ನಾನು ಮೇಲಕ್ಕೆ ತಳ್ಳಿದರೆ ಪರದೆಯೊಳಗಿನ ಚಾಲಕನ ಕೈ ಕೆಳಕ್ಕೆ ಎಳೆಯುತ್ತದೆ. ನಮ್ಮಿಬ್ಬರಿಗೂ ಜಗಳ ಹತ್ತಿದಂತಾಗಿ ನನಗೆ ತಲೆಸುತ್ತು ಬಂತು. ಆಮೇಲೆ ಐವತ್ತರ ದಶಕದ ರೇಸ್ ಚಾಲಕ ಫ್ಯಾಂಜಿಯೊ ಓಡಿಸುತ್ತಿದ್ದ ಮಾಸೆರಾಟಿ 250ಎಫ್ ಪ್ರಯತ್ನಿಸಿದೆ. ಆ ಕಾಲದ ಇಟಲಿಯ ರೇಸ್ ಕಾರುಗಳಲ್ಲಿ ಆಕ್ಸಿಲರೇಟರ್ ನಡುವೆ, ಬ್ರೇಕು ಬಲಕ್ಕೆ. ಶಾಸ್ತ್ರೋಕ್ತವಾಗಿಯೇ ಓಡಿಸಬೇಕೆಂದು ಸೆಟ್ಟಿಂಗಿನಲ್ಲಿ ಎರಡನ್ನೂ ಅದಲುಬದಲು ಮಾಡಿದೆ. ಗಾಬರಿಯಾದಾಗ ಮನುಷ್ಯನ ಕಾಲು ಎತ್ತ ಹೋಗುತ್ತದೆಂದು ತಿಳಿಯಬೇಕಿದ್ದರೆ ಇದೊಂದು ಒಳ್ಳೆಯ ಪ್ರಯೋಗ. ನನ್ನದು ನಡುವಿಗೇ ಹೋಯಿತು. ಫ್ಯಾಂಜಿಯೊ 1957ರ ಜರ್ಮನ್ ಗ್ರಾಂಪ್ರೀಯಲ್ಲಿ ಇದೇ ಜಾತಿಯ ಕಾರಿನಲ್ಲಿ, ಪಿಟ್ಟಿನಲ್ಲಿ ನಿಂತು ಹಿಂದೆ ಬಿದ್ದರೂ ಎರಡು ಫೆರಾರಿಗಳನ್ನು ಅಟ್ಟಿ ಹಿಡಿದು 3.6 ಸೆಕೆಂಡಿನಿಂದ ಗೆದ್ದನಂತೆ. ನಾನು ಅಟ್ಟಿ ಹಿಡಿದದ್ದು ಒಂದು ಮರವನ್ನು.

ಗೇರು ತಪ್ಪಿ ಬೀಳದಿರುವುದಕ್ಕಿಂತ ಘೋರವಾದದ್ದು ತಪ್ಪು ಗೇರು ಸರಿಯಾಗಿ ಬೀಳುವುದು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನ ಹಳೇ ಟ್ರ್ಯಾಕಿನ ಕೊನೆಯಲ್ಲೊಂದು ಉದ್ದನೆಯ ನೇರ ದಾರಿಯಿದೆ. ಮತ್ತೆ ಹತ್ತಿದ ಲೋಟಸ್ಸಿನ ಐದನೇ ಗೇರಿನಲ್ಲಿ, ಎಂಜಿನ್ನು ತನ್ನ 9,000ದ ಮಿತಿಗೆ ಹತ್ತಿರ ಹಾಡುತ್ತಿರುವಾಗ, ನಾಲ್ಕಕ್ಕೆ ಎಳೆಯಲು ಹೋಗಿ ನನ್ನ ಕೈ ತುಸು ಎಡಕ್ಕೆ ವಾಲಿ ಎರಡರಲ್ಲಿ ಕೂತಿತು. ಈ ಸಲ ಗೇರು ಬಿತ್ತು. ನಾನು ಎಷ್ಟು ಕಾದು, ಎಷ್ಟು ನವಿರಾಗಿ ಹಾಕಿದ್ದೆನೆಂದರೆ ಹಲ್ಲು ಹಲ್ಲಿಗೆ ಚಂದವಾಗಿ ಕೂಡಿಕೊಂಡಿತು. ಓಡುತ್ತಿದ್ದ ಗಾಲಿಗಳು ಎಂಜಿನ್ನನ್ನು ಹಿಡಿದು ಅದರ ಶಕ್ತಿ ಮೀರಿ ತಿರುಗಿಸಿದವು. ಮುಳ್ಳು ಡಯಲಿನ ಆಚೆ ಹೋಯಿತು. ಆಮೇಲೆ ಒಂದು ಸದ್ದು, ಅದರ ಹಿಂದೆ ಮೌನ, ಕನ್ನಡಿಯಲ್ಲಿ ಬಿಳಿ ಹೊಗೆ. ರೇಸಿನವರು ಇದಕ್ಕೆ ‘ಮನಿ ಶಿಫ್ಟ್’ ಅನ್ನುತ್ತಾರೆ. ಈ ಎಂಜಿನ್ ರೂಪಿಸಲು ಫೋರ್ಡ್ ಕಂಪನಿ ಕೀತ್ ಡಕ್‌ವರ್ತ್‌ನ ಕಾಸ್ವರ್ತ್‌ಗೆ ಒಂದು ಲಕ್ಷ ಪೌಂಡ್ ಕೊಟ್ಟಿತ್ತು. ನಾನು ಎಸ್ಕೇಪ್ ಗುಂಡಿ ಒತ್ತಿ ಹೊಸದೊಂದು ತರಿಸಿಕೊಂಡೆ. ಇದೊಂದು ವಿಷಯದಲ್ಲಿ ಕ್ಲಾರ್ಕ್‌ಗಿಂತ ನಾನು ಶ್ರೀಮಂತ.

ಒಂಟಿಯಾಗಿ ಮಾಡಿಕೊಂಡ ಅವಮಾನ ಸಾಲದೆಂದು ಆನ್‌ಲೈನ್ ರೇಸಿಗೂ ಇಳಿದೆ. ದೇಶವಿದೇಶದ ಹದಿನೈದಿಪ್ಪತ್ತು ಮಂದಿ. ಹಸಿರು ದೀಪ ಬಿತ್ತು. ಮೊದಲ ತಿರುವಿಗೆ ಎಲ್ಲರೂ ಸಾಲಾಗಿ ಗೇರು ಇಳಿಸಿದರು, ನಾನು ಇಳಿಸಲು ಹೋಗಿ ‘ಗರ್‌ರ್’ ಎನ್ನಿಸಿದೆ. ಎಂಜಿನ್ನಿನ ಹಿಡಿತವಿಲ್ಲದ ಕಾರು ತೇಲುತ್ತಾ ಹೋಗಿ ಮೂವರನ್ನು ಗುಡಿಸಿಕೊಂಡು ಹುಲ್ಲಿಗಿಳಿಯಿತು. ಯಾರಿಗೂ ಅರ್ಥವಾಗದೆಂಬ ಧೈರ್ಯದಲ್ಲಿ ಮೈಕ್ ಆನ್ ಇದ್ದಾಗಲೇ ಗೇರ್‌ಬಾಕ್ಸಿನ ತಾಯಿ-ತಂದೆಯನ್ನು ಅಚ್ಚಗನ್ನಡದಲ್ಲಿ ನೆನೆದೆ. ಹೆಡ್‌ಫೋನಿನಲ್ಲಿ ಒಂದು ಕ್ಷಣ ಎಲ್ಲ ಸ್ತಬ್ಧ. ಆಮೇಲೆ ಸ್ಟುಟ್‌ಗಾರ್ಟಿನಿಂದಲೋ ಎಲ್ಲಿಂದಲೋ ಒಂದು ದನಿ: ‘ಸಾರ್, ಮಂಡ್ಯ ಕಡೆಯವ್ರಾ? ಖುಷಿಯಾಯ್ತು ಸಾರ್. ಸ್ವಲ್ಪ ನನ್ ಮೇಲಿಂದ ಇಳೀತೀರಾ?’

ಹೀಗೆ ದಿನ ನೂಕುತ್ತಿದ್ದಾಗ ಸಕಲೇಶಪುರದಿಂದ ಮಾವನವರು ಬಂದರು. ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರಾಗಿದ್ದು ನಿವೃತ್ತರಾದವರು. ಬೆಂಗಳೂರು-ಮಂಗಳೂರು ರೂಟಿನಲ್ಲಿ, ಮಳೆಗಾಲದ ರಾತ್ರಿಗಳಲ್ಲಿ, ಶಿರಾಡಿ ಘಾಟಿಯನ್ನು ಇಳಿದು ಹತ್ತಿದವರು. ಹಾಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಒಳಗೆ ಬಾಗಿಲು ಮುಚ್ಚಿಕೊಂಡು ಅಭ್ಯಾಸದಲ್ಲಿದ್ದೆ. ‘ಗರ್‌ರ್’ ಎಂದಿತು. ಹೊರಗಿನಿಂದ ಲೋಟ ಕೆಳಗಿಟ್ಟ ಸದ್ದು. ಮತ್ತೆ ‘ಗರ್‌ರ್’. ಬಾಗಿಲು ತೆರೆದು ಮಾವನವರು ನಿಂತಿದ್ದರು.

‘ಯಾರದು ಗೇರ್ ಹಲ್ಲು ಉದುರಿಸ್ತಿರೋದು?’

ನಾನು ಬೂಟು ಹಾಕಿದ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡು, ಇದು 1967ರ ರೇಸ್ ಕಾರು, ಇದರ ಗೇರ್‌ಬಾಕ್ಸು ಬೇರೆ ತರಹದ್ದು, ಕಂಪ್ಯೂಟರಿನಲ್ಲಿ ಅದನ್ನು ಸಿಮ್ಯುಲೇಟ್ ಮಾಡಿರುವುದರಿಂದ ಎಂದು ಏನೇನೋ ಹೇಳತೊಡಗಿದೆ. ಅವರು ಪರದೆ ನೋಡಲೇ ಇಲ್ಲ. ನನ್ನ ಎಡಗಾಲನ್ನೇ ನೋಡುತ್ತಿದ್ದರು.

‘ಅಳಿಯಂದ್ರೇ, ಕ್ಲಚ್ ಎಷ್ಟ್ ಸಲ ತುಳಿದ್ರಿ?’

‘ಒಂದ್ಸಲ.’

‘ಒಂದ್ಸಲ ಸಾಲ್ದು. ತುಳೀರಿ, ನ್ಯೂಟ್ರಲ್‌ಗೆ ತನ್ನಿ, ಕಾಲ್ ಬಿಡಿ. ಈಗೊಂದು ರೇಸ್ ಕೊಡಿ. ಮತ್ತೆ ತುಳಿದು ಗೇರ್ ಹಾಕಿ. ಡಬಲ್ ಕ್ಲಚ್ ಹೊಡೀದೆ ಹಳೇ ಗಾಡೀಲಿ ಕೆಳಗಿನ್ ಗೇರ್ ಬೀಳಾಕಿಲ್ಲ.’

‘ಯಾಕೆ ಮಾವ?’

‘ಓಡೋ ಬಸ್ಸನ್ನ ಹತ್ತೋನು ಏನ್ ಮಾಡ್ತಾನೆ? ನಿಂತಲ್ಲಿಂದ ಹಾರಿದ್ರೆ ಹಲ್ಲುದುರುತ್ತೆ. ಬಸ್ಸಿನ್ ಜತೆ ನಾಕ್ ಹೆಜ್ಜೆ ಓಡಿ, ಸಮ ಆಯ್ತು ಅಂದಾಗ ಫುಟ್‌ಬೋರ್ಡ್ ಮೇಲೆ ಕಾಲಿಡ್ತಾನೆ. ಗೇರೂ ಅಷ್ಟೇಯ. ಆ ರೇಸ್ ಕೊಡೋದು ಯಾಕೆ, ಓಡ್ಸಾಕೆ.’

ನಾನು ಲೇಖನ ಓದಿ, ವಿಡಿಯೊ ನೋಡಿ, ಚಿತ್ರ ಬಿಡಿಸಿ ಅರ್ಥ ಮಾಡಿಕೊಳ್ಳಲಾಗದ್ದು ಇಷ್ಟೇ ಇತ್ತು. ಎರಡು ಗೇರು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವಾಗ ಹಲ್ಲು ಕೂಡುವುದಿಲ್ಲ. ಯಾರಾದರೂ ವೇಗ ಸಮ ಮಾಡಬೇಕು. ಹಳೇ ಬಸ್ಸಿನಲ್ಲಿ ಆ ಕೆಲಸ ಡ್ರೈವರಿನ ಕಾಲಿನದು. ರೇಸ್ ಕಾರಿನಲ್ಲೂ ಹಾಗೇ. ಹಾಗಾದರೆ ಇಷ್ಟು ವರ್ಷ ನನ್ನ ಕಾರಿನಲ್ಲಿ ಸಮ ಮಾಡುತ್ತಿದ್ದವರು ಯಾರು? ನಾನಂತೂ ಅಲ್ಲ. ಪ್ರತಿ ಗೇರಿನ ಪಕ್ಕ ಒಂದು ಹಿತ್ತಾಳೆ ಉಂಗುರವಿರುತ್ತದೆ, ಸಿಂಕ್ರೊಮೆಶ್ಶಿನದು. ನಾವು ಲಿವರ್ ತಳ್ಳಿದಾಗ ಹಲ್ಲಿಗಿಂತ ಮೊದಲು ಅದು ಹೋಗಿ ಗೇರಿಗೆ ಉಜ್ಜಿಕೊಂಡು, ವೇಗ ಸಮ ಮಾಡಿ, ಆಮೇಲೆ ದಾರಿ ಬಿಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದ ಈ ಏರ್ಪಾಡು ಅಂದಿನಿಂದ ನನ್ನಂಥವರ ಮಾನ ಕಾಯುತ್ತಿದೆ. ನಾನು ಸಿಲ್ಕ್ ಬೋರ್ಡಿನಲ್ಲಿ ಎದೆಯುಬ್ಬಿಸಿ ಹಾಕಿದ ಪ್ರತಿ ಗೇರನ್ನೂ ಹಾಕಿದ್ದು ಆ ಉಂಗುರ. ನಾನು ಬರೀ ಅರ್ಜಿ ಸಲ್ಲಿಸುತ್ತಿದ್ದೆ.

‘ಏಳಿ, ನೋಡಾಣ’ ಎಂದು ಮಾವನವರು ಕೂತರು. ಪಂಚೆ ಮೇಲೆ ಕಟ್ಟಿದರು. ಬೂಟು ಕೊಡಲು ಹೋದೆ; ‘ಮನೇಲಿ ಎಂಥದ್ದು ಬೂಟು’ ಎಂದು ಬರಿಗಾಲಿಟ್ಟರು. ಟ್ರ್ಯಾಕು ಅದೇ ನ್ಯೂರ್‌ಬರ್ಗ್‌ರಿಂಗು. ಐಫೆಲ್ ಬೆಟ್ಟಗಳ ಕಾಡಿನೊಳಗೆ 22.8 ಕಿಲೋಮೀಟರ್ ಉದ್ದ, ನೂರೈವತ್ತಕ್ಕೂ ಮೇಲ್ಪಟ್ಟು ತಿರುವು. ಇಲ್ಲಿ ಮಳೆ-ಮಂಜಿನ ನಡುವೆ ನಾಲ್ಕು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದ ಜಾಕಿ ಸ್ಟೀವರ್ಟ್‌ನೇ ಇದನ್ನು ‘ಹಸಿರು ನರಕ’ ಎಂದು ಕರೆದಿದ್ದ. ಮಾವನವರು ಮೊದಲ ಎರಡು ಕಿಲೋಮೀಟರ್ ನೋಡಿ, ‘ರೋಡ್ ಚೆನ್ನಾಗೈತೆ. ಒಂದ್ ಗುಂಡಿ ಇಲ್ಲ’ ಎಂದರು.

ಲೋಟಸ್ಸನ್ನು ಅವರು ಎಡಕ್ಕೇ ಹಿಡಿದು ಓಡಿಸಿದರು. ಇದು ರೇಸ್ ಟ್ರ್ಯಾಕು, ಇಡೀ ರಸ್ತೆ ಬಳಸಬಹುದು ಎಂದೆ. ‘ಎದುರಿಂದ ಬರೋರಿಗೆ ಜಾಗ ಬ್ಯಾಡ್ವಾ?’ ಎಂದರು. ಪ್ರತಿ ಕುರುಡು ತಿರುವಿನಲ್ಲೂ ಹಾರನ್ ಹುಡುಕಿದರು. ಕಾರುಸೆಲ್ ಎಂಬ ಪ್ರಸಿದ್ಧ ತಿರುವಿನಲ್ಲಿ ಒಳಗಡೆ ವಾಲಿದ ಕಾಂಕ್ರೀಟ್ ಪಟ್ಟಿಯ ಮೇಲೆ ಇಳಿಸಬೇಕೆಂದು ಹೇಳಿದೆ. ‘ಚರಂಡಿಗೆ ಯಾಕ್ ಇಳಿಸ್ಲಿ?’ ಎಂದು ಮೇಲಿಂದಲೇ ಸುತ್ತು ಹಾಕಿದರು. ಹಿಂದಿನಿಂದ ಕಂಪ್ಯೂಟರಿನ ಕಾರುಗಳು ಬಂದಾಗಲೆಲ್ಲ ಬಲಗೈ ಎತ್ತಿ ‘ಹೋಗು, ಹೋಗು’ ಎಂದು ದಾರಿ ಕೊಟ್ಟರು. ಆದರೆ ಒಂದೇ ಒಂದು ಸಲ ‘ಗರ್‌ರ್’ ಅನ್ನಲಿಲ್ಲ. ತುಳಿತ, ನ್ಯೂಟ್ರಲ್, ರೇಸು, ತುಳಿತ, ಗೇರು. ಕಣ್ಣು ರಸ್ತೆಯ ಮೇಲೆ, ಕಿವಿ ಎಂಜಿನ್ನಿನ ಮೇಲೆ. ಲಿವರ್ ಮಾತ್ರ ಅವರಿಗೆ ಹಿಡಿಸಲಿಲ್ಲ. ‘ಇದು ಕೈಗೆ ಮರುಮಾತು ಹೇಳಾಕಿಲ್ವಲ್ಲ’ ಎಂದು ಗೊಣಗಿದರು.

1967ರಲ್ಲಿ ಇಲ್ಲಿ ಅರ್ಹತಾ ಸುತ್ತಿನಲ್ಲಿ ಕ್ಲಾರ್ಕ್ ತೆಗೆದುಕೊಂಡದ್ದು 8 ನಿಮಿಷ 4.1 ಸೆಕೆಂಡು. ಮಾವನವರು ಅದರ ಎರಡರಷ್ಟಕ್ಕೂ ಹೆಚ್ಚು ತೆಗೆದುಕೊಂಡರು. ಆದರೆ ನಮ್ಮ ಮನೆಯಲ್ಲಿ ಆ ಟ್ರ್ಯಾಕನ್ನು ಪೂರ್ತಿ ಸುತ್ತಿ ಬಂದ ಮೊದಲ ವ್ಯಕ್ತಿ ಅವರು. ನಾನು ಅದುವರೆಗೆ ಅದರ ಮರಗಳನ್ನು ಮಾತ್ರ ಬಲ್ಲವನಾಗಿದ್ದೆ. ಗೆರೆ ದಾಟಿದ ಮೇಲೆ ಅವರು ಸುತ್ತಮುತ್ತ ನೋಡಿ, ‘ಇಷ್ಟ್ ದೂರಕ್ಕೆ ಒಂದೂ ಸ್ಟಾಪಿಲ್ವಲ್ಲ ಅಳಿಯಂದ್ರೇ’ ಎಂದರು.

ಕಲಿತ ವಿದ್ಯೆಯನ್ನು ಕೋಣೆಯೊಳಗೇ ಇಟ್ಟುಕೊಂಡಿದ್ದರೆ ನಾನು ಬದುಕುತ್ತಿದ್ದೆ. ನಮ್ಮ ಕಾರಿನಲ್ಲೂ ಡಬಲ್ ಕ್ಲಚ್ ಹೊಡೆಯಲು ಶುರುಮಾಡಿದೆ. ಇಷ್ಟು ವರ್ಷ ದುಡಿದ ಹಿತ್ತಾಳೆ ಉಂಗುರಕ್ಕೆ ರಜೆ ಕೊಡುವ ಉದ್ದೇಶ. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಮೂರರಿಂದ ಎರಡಕ್ಕೆ ಬರುತ್ತಾ, ಬ್ರೇಕಿನ ಮೇಲಿದ್ದ ಪಾದದ ಅಂಚಿನಿಂದ ರೇಸ್ ಕೊಟ್ಟೆ. ಕಾಲಲ್ಲಿದ್ದದ್ದು ತೆಳು ಬೂಟಲ್ಲ, ಅಗಲದ ಚಪ್ಪಲಿ. ರೇಸಿಂಗ್ ಬೂಟು ಬೀದಿಗಿಳಿಯುವುದಿಲ್ಲವೆಂದು ಪ್ರಮಾಣವಾಗಿತ್ತಲ್ಲ. ಚಪ್ಪಲಿ ಎರಡು ಪೆಡಲ್ಲನ್ನೂ ಒಟ್ಟಿಗೆ ಆವರಿಸಿತು. ಕಾರು ನಿಲ್ಲುತ್ತಾ ಗರ್ಜಿಸಿತು. ಪಕ್ಕದ ಬೈಕಿನವನು ತಿರುಗಿ ನೋಡಿದ, ಮುಂದಿನ ಕಾರಿನವನು ಕನ್ನಡಿಯಲ್ಲಿ ನೋಡಿದ, ಟ್ರಾಫಿಕ್ ಪೊಲೀಸರು ಸೀಟಿಯನ್ನು ಬಾಯಿಗಿಟ್ಟು ಯಾವ ಕಲಮಿನಲ್ಲಿ ಊದಬೇಕೆಂದು ತೋಚದೆ ನಿಂತರು.

‘ರೀ, ಯಾರ ಮೇಲೆ ಗುರ್ ಅಂತಿದೀರ?’ ಎಂದಳು ಹೆಂಡತಿ.

ಇಳಿಜಾರಿನಲ್ಲಿ ಗೇರ್ ಇಳಿಸುವುದು ಹೇಗೆಂದು ವಿವರಿಸಲು ಹೋದೆ. ಹಿಂದಿನ ಸೀಟಿನಿಂದ ಮಗ, ‘ಅಮ್ಮ, ಅಪ್ಪ ಇದೇ ಥರ ಮಾಡಿ ಆ ಕಾರಿನ ಎಂಜಿನ್ ಒಡೆದಾಕಿದ್ರು’ ಎಂದು ಸಾಕ್ಷಿ ನುಡಿದ.

ಇಳಿಜಾರು ಇಲ್ಲದ ಕಡೆಯೂ ಇಳಿಸಿದೆ, ಸಿಗ್ನಲ್ಲಿಲ್ಲದ ಕಡೆಯೂ ಇಳಿಸಿದೆ. ಗೇರಿಗೆರಡರಂತೆ ಕ್ಲಚ್ ತುಳಿದದ್ದಲ್ಲದೆ, ರೇಸ್ ಕೊಟ್ಟ ಗತ್ತಿನಲ್ಲಿ ಅರ್ಧ ಬಿಟ್ಟುಕೊಂಡೇ ಓಡಿಸಿದೆ. ಕೆಲವು ತಿಂಗಳಿಗೆ ಏರಿನಲ್ಲಿ ಎಂಜಿನ್ನು ಕೂಗುವುದು, ಗಾಡಿ ಕದಲದಿರುವುದು ಶುರುವಾಯಿತು. ಸುಟ್ಟ ವಾಸನೆ ಬೇರೆ. ಗ್ಯಾರೇಜಿನ ಹುಡುಗ ಕ್ಲಚ್ ಪ್ಲೇಟು ಬಿಚ್ಚಿ ಬೆಳಕಿಗೆ ಹಿಡಿದ. ಸವೆದು ರಿವೆಟ್ಟಿನ ತಲೆಗಳು ಮಿನುಗುತ್ತಿದ್ದವು. ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಕಲೆ ಎದ್ದಿತ್ತು. ಅವನು ನನ್ನತ್ತ ಒಮ್ಮೆ, ಪ್ಲೇಟಿನತ್ತ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದ: ‘ಸಾರ್, ಗಾಡಿನ ಡ್ರೈವಿಂಗ್ ಸ್ಕೂಲಿಗೇನಾದ್ರೂ ಬಾಡಿಗೆಗೆ ಬಿಟ್ಟಿದ್ರಾ?’

ಆ ಬಿಲ್ಲನ್ನು ನೋಡಿದ ದಿನವೇ ಹೆಂಡತಿ ಮುಂದಿನ ಕಾರು ಯಾವುದೆಂದು ನಿಶ್ಚಯಿಸಿದಳು. ನನ್ನನ್ನು ಕೇಳಲಿಲ್ಲ. ಈಗ ನಮ್ಮ ಪಾರ್ಕಿಂಗಿನಲ್ಲಿ ಎರಡೇ ಪೆಡಲ್ಲಿನ ಆಟೋಮ್ಯಾಟಿಕ್ ನಿಂತಿದೆ. ಅದನ್ನು ಓಡಿಸುವಾಗ ನನ್ನ ಎಡಗಾಲು ಇಲ್ಲದ ಪೆಡಲ್ಲನ್ನು ತುಳಿಯಲು ಹೋಗಿ ಕಾರ್ಪೆಟ್ಟು ಸವೆಸುತ್ತಿದೆ. ಒಟ್ಟಿನಲ್ಲಿ ನಮ್ಮ ಸಂಸಾರದ ಆಸ್ತಿ ಇಷ್ಟು: ಬೀದಿಯಲ್ಲಿ ಕ್ಲಚ್ಚಿಲ್ಲದ ಕಾರು, ಮನೆಯೊಳಗೆ ಕಾರಿಲ್ಲದ ಕ್ಲಚ್ಚು.

ಆ ಕ್ಲಚ್ಚೂ ಈಗ ನನ್ನ ವಶದಲ್ಲಿಲ್ಲ. ಮಾವನವರು ತಿಂಗಳಿಗೊಮ್ಮೆ ‘ಮೊಮ್ಮಗನ್ನ ನೋಡಾಕೆ’ ಎಂದು ಸಕಲೇಶಪುರದಿಂದ ಬರುತ್ತಾರೆ. ಬ್ಯಾಗು ಇಟ್ಟವರು ನೇರ ಕೋಣೆಗೆ ಹೋಗಿ, ಅಕ್ಕಿಮೂಟೆ ಎಷ್ಟು ಉಳಿದಿದೆಯೆಂದು ಒತ್ತಿ ನೋಡಿ, ಪಂಚೆ ಎತ್ತಿ ಕಟ್ಟಿ ಕೂರುತ್ತಾರೆ. ಕನ್ನಡಿ ಚಿಕ್ಕದು, ಹಿಂದೆ ಏನೂ ಕಾಣಿಸುವುದಿಲ್ಲವೆಂಬುದು ಅವರ ದೂರು. ಹಾಗಾಗಿ ಕುರ್ಚಿಯ ಹಿಂದೆ ನಿಂತು, ಬರುವ ಕಾರುಗಳನ್ನು ನೋಡಿ ‘ಓಲ್ಡಾನ್’, ‘ರೈಟ್ ರೈಟ್’ ಎನ್ನುವ ಡ್ಯೂಟಿಯನ್ನು ನನಗೆ ಹಾಕಿದ್ದಾರೆ. ಹೋದ ಸಲ ಒಂದು ಫೆರಾರಿಗೆ ಸ್ವಲ್ಪ ಬೇಗ ‘ರೈಟ್’ ಅಂದುಬಿಟ್ಟೆನೆಂದು ಮೆಮೋ ಕೊಡುವುದೊಂದೇ ಬಾಕಿ.